ಚಿತ್ರ ಅಳಿದು ಧ್ವನಿ ಉಳಿದಾಗ: ‘ಗೋಲ್ಡ್ ಡಿಗರ್ಸ್ ಆಫ್ ಬ್ರಾಡ್‌ವೇ’

ಇತಿಹಾಸದ ಆಕರಗಳನ್ನು ಶಾಸನ, ಕಡತ, ಹಸ್ತಪ್ರತಿಗಳಲ್ಲಿ ಅರಸುವುದು ನಮಗೆ ರೂಢಿಯಾಗಿದೆ. ಗ್ರಾಮಫೋನು ತಟ್ಟೆಗಳನ್ನು ಕೂಡಿಡುವ ಹವ್ಯಾಸಿಗಳೂ ಆಕರಗಳ ರಕ್ಷಕರಾಗಬಲ್ಲರೆಂಬುದಕ್ಕೆ ಅಮೆರಿಕದ ಈ ಹಾಸ್ಯ ಸಂಗೀತಚಿತ್ರ ನಿದರ್ಶನವಾಗಿದೆ.

ವಾರ್ನರ್ ಸಹೋದರರ ಸಂಸ್ಥೆಯು 1929ರಲ್ಲಿ ರಾಯ್ ಡೆಲ್ ರೂತ್‌ನ ನಿರ್ದೇಶನದಲ್ಲಿ ಹೊರತಂದ ಈ ವಾಕ್ಚಿತ್ರಕ್ಕೆ ಏವರಿ ಹಾಪ್‌ವುಡ್‌ನ 1919ರ ನಾಟಕ ಮೂಲ. ಕಥೆ ತೆಳುವಾದುದು: ಸೋದರಳಿಯನು ನಾಟ್ಯಮಂಡಲಿಯ ಹುಡುಗಿಯನ್ನು ವರಿಸುವುದನ್ನು ಧನಿಕನೊಬ್ಬನು ತಡೆಯಹೊರಟು, ಆಕೆಯ ಗೆಳತಿಯ ಬಲೆಗೆ ತಾನೇ ಬೀಳುತ್ತಾನೆ. ಎರಡು ವರ್ಣಗಳ ಟೆಕ್ನಿಕಲರ್, ವಿನಿ ಲೈಟ್ನರ್‌ಳ ಗಟ್ಟಿ ಕಂಠದ ಹಾಸ್ಯ, ನಿಕ್ ಲ್ಯೂಕಸ್‌ನ ಗಿಟಾರು—ಇವೇ ಅದರ ಆಕರ್ಷಣೆ. ಅದೇ ನಾಟಕವನ್ನಾಧರಿಸಿ 1933ರಲ್ಲಿ ಬಂದ ಚಿತ್ರವು, ಬಸ್ಬಿ ಬರ್ಕ್‌ಲಿಯ ನೃತ್ಯಸಂಯೋಜನೆಯ ಬಲದಿಂದ, ಹಿಂದಿನದನ್ನು ಜನರ ನೆನಪಿನಿಂದ ಮರೆಮಾಡಿತು. ಲ್ಯೂಕಸ್ ಹಾಡಿದ ಟ್ಯೂಲಿಪ್ ಹೂಗಳ ಹಾಡನ್ನು 1968ರಲ್ಲಿ ಟೈನಿ ಟಿಮ್ ಮತ್ತೆ ಪ್ರಸಿದ್ಧಿಗೆ ತಂದನು. ಆಗ ಹಾಡಿನ ಮೂಲಚಿತ್ರವನ್ನು ಬಲ್ಲವರು ವಿರಳ.

ಇಲ್ಲಿ ವಿಟಾಫೋನ್ ಪದ್ಧತಿಯನ್ನು ಸ್ವಲ್ಪ ವಿವರಿಸಬೇಕು. ಧ್ವನಿಯನ್ನು ಫಿಲ್ಮಿನ ಮೇಲಲ್ಲ, 16 ಅಂಗುಲದ ತಟ್ಟೆಗಳಲ್ಲಿ ಮುದ್ರಿಸುತ್ತಿದ್ದರು. ಮುಳ್ಳು ಒಳಗಿನಿಂದ ಹೊರಕ್ಕೆ ಚಲಿಸುತ್ತಿತ್ತು. ಒಂದು ಸುರುಳಿಗೆ ಒಂದು ತಟ್ಟೆ, ಸುಮಾರು 11 ನಿಮಿಷ. ಮುಳ್ಳಿನ ಸವೆತದ ಕಾರಣ, ಸುಮಾರು 20 ಬಾರಿ ನುಡಿಸಿದ ಮೇಲೆ ತಟ್ಟೆ ಕೆಲಸಕ್ಕೆ ಬಾರದು. ಹೀಗೆ ಬೇರ್ಪಟ್ಟುದೇ ಉಪಕಾರವಾಯಿತು! ನೈಟ್ರೇಟ್ ಫಿಲ್ಮು ಕೊಳೆತು, ಚಿತ್ರದ ಬಹುಭಾಗ ನಾಶವಾಯಿತು. ತಟ್ಟೆಗಳಾದರೋ ಪೂರ್ಣವಾಗಿ ಉಳಿದವು.

1991ರಲ್ಲಿ ಹವ್ಯಾಸಿ ಸಂಗ್ರಾಹಕರು ‘ವಿಟಾಫೋನ್ ಪ್ರಾಜೆಕ್ಟ್’ ಎಂಬ ಕೂಟವನ್ನು ಕಟ್ಟಿ, ಖಾಸಗಿಯವರ ಬಳಿಯಿದ್ದ ಇಂಥ ತಟ್ಟೆಗಳನ್ನು ಪತ್ತೆಹಚ್ಚಿ, ಪತ್ರಾಗಾರಗಳಲ್ಲಿದ್ದ ಮೂಕ ಸುರುಳಿಗಳೊಡನೆ ಜೋಡಿಸಲು ನೆರವಾದರು. ಸಂಗ್ರಾಹಕನ ಮೋಹದಲ್ಲಿ ಸ್ಪರ್ಧೆಯೂ ಸ್ವಾಮ್ಯದ ಅಭಿಮಾನವೂ ಬೆರೆತಿರುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ವಸ್ತುಗಳನ್ನು ತಯಾರಿಸಿದವರೇ ಹಳತೆಂದು ಬಿಸುಟಾಗ ಉಳಿಸಿಕೊಂಡವರು ಇಂಥವರೇ.

ಆದರೂ ಈ ಆಕರದ ಮಿತಿಯನ್ನು ಮರೆಯಲಾಗದು. ಸಂಭಾಷಣೆಯ ಲಯವನ್ನು, ವಾದ್ಯವೃಂದದ ಗುಣವನ್ನು ತಟ್ಟೆಯಿಂದ ನಿರ್ಣಯಿಸಬಹುದು. ನೃತ್ಯವನ್ನೂ ವರ್ಣವನ್ನೂ ನಿರ್ಣಯಿಸಲಾಗದು. ಅದೇ ವರ್ಷದ ‘ಆನ್ ವಿತ್ ದ ಷೋ’ ವರ್ಣಚಿತ್ರವಾಗಿದ್ದರೂ ಬಹುಮಟ್ಟಿಗೆ ಕಪ್ಪು-ಬಿಳುಪು ಪ್ರತಿಯಲ್ಲೇ ಉಳಿದಿದೆ. ಅದನ್ನು ನೋಡಿ ಆ ಕಾಲದ ಸಂಗೀತಚಿತ್ರಗಳು ನೀರಸವೆಂದವರ ತೀರ್ಪನ್ನು ನಾವು ಒಪ್ಪಲಾರೆವು. ನಮ್ಮ ಚಿತ್ರದ ಟ್ಯೂಲಿಪ್ ದೃಶ್ಯವೂ ಅಂತ್ಯದ ನೃತ್ಯವೂ ವರ್ಣದಲ್ಲಿ ದೊರೆತು, 2007ರಲ್ಲಿ ‘ದ ಜಾಜ್ ಸಿಂಗರ್’ ಚಿತ್ರದ ಡಿವಿಡಿಯ ಅನುಬಂಧವಾಗಿ ಪ್ರಕಟವಾದವು. ಉಳಿದ ಕಥೆಯನ್ನು ಇಂದಿಗೂ ಕಿವಿಯಿಂದಲೇ ನೋಡಬೇಕಾಗಿದೆ.