ನಿಶ್ಚಿತಾರ್ಥಕ್ಕೆ ವಜ್ರದುಂಗುರ: ಕೊಳ್ಳುವ ಮುನ್ನ ನೋಡಬೇಕಾದದ್ದು

ನಮ್ಮ ಆದೋನಿ ಸೀಮೆಯವರಿಗೆ ವಜ್ರದ ಮಾತು ಹೊಸದಲ್ಲ. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ತುಗ್ಗಲಿ, ಜೊನ್ನಗಿರಿ ಕಡೆಯ ಹೊಲಗಳಲ್ಲಿ ಜನ ತಲೆ ಬಗ್ಗಿಸಿ ಹರಳು ಹುಡುಕುವುದನ್ನು ಎಲ್ಲರೂ ಬಲ್ಲೆವು. ಅಂಗಡಿಯಲ್ಲಿ ಕೂತು ವಜ್ರ ಕೊಳ್ಳುವುದು ಮಾತ್ರ ನಮಗೆ ಹೊಸದು. ಹಿಂದೆ ನಿಶ್ಚಿತಾರ್ಥಕ್ಕೆ ತಾಂಬೂಲ, ಸೀರೆ, ಹೆಚ್ಚೆಂದರೆ ಒಂದು ಚಿನ್ನದುಂಗುರ. ಈಗ ವಧುವಿಗೆ ವಜ್ರದುಂಗುರ ಹಾಕುವ ಮನೆಗಳು ಹೆಚ್ಚಿವೆ. ಹಲವು ಸದಸ್ಯರು ವಿಚಾರಿಸಿದ್ದರಿಂದ ಈ ಮಾಹಿತಿ.

ಮೊದಲ ಗೊಂದಲ ಕ್ಯಾರೆಟ್ಟಿನದು. ಚಿನ್ನಕ್ಕೆ ಕ್ಯಾರೆಟ್ ಎಂದರೆ ಶುದ್ಧತೆ, ವಜ್ರಕ್ಕೆ ಕ್ಯಾರೆಟ್ ಎಂದರೆ ತೂಕ. 1 ಕ್ಯಾರೆಟ್ ಅಂದರೆ 200 ಮಿಲಿಗ್ರಾಂ, ಅದರ ನೂರನೇ ಒಂದು ಭಾಗ 1 ಸೆಂಟ್. 30 ಸೆಂಟಿನ ಹರಳು 60 ಮಿಲಿಗ್ರಾಂ ಮಾತ್ರ. ಹರಳು ದೊಡ್ಡದಾದಷ್ಟೂ ಪ್ರತಿ ಕ್ಯಾರೆಟ್ಟಿನ ದರವೇ ಏರುತ್ತದೆ. 50 ಸೆಂಟಿನ ಬದಲು 47 ಸೆಂಟಿನದು ತೆಗೆದುಕೊಂಡರೆ ಕಣ್ಣಿಗೆ ವ್ಯತ್ಯಾಸ ಕಾಣದು, ದರದಲ್ಲಿ ಕಾಣುತ್ತದೆ.

ಬಣ್ಣವನ್ನು ಡಿ ಇಂದ ಝೆಡ್ ವರೆಗೆ ಅಳೆಯುತ್ತಾರೆ. ಡಿ ಅಂದರೆ ಬಣ್ಣವೇ ಇಲ್ಲದ್ದು, ಕೆಳಗಿಳಿದಂತೆ ಹಳದಿ ಛಾಯೆ. ಒಳಗಿನ ಚುಕ್ಕೆ, ಗೆರೆಗಳ ಲೆಕ್ಕಕ್ಕೆ ವಿವಿಎಸ್, ವಿಎಸ್, ಎಸ್‌ಐ ಎಂಬ ದರ್ಜೆಗಳಿವೆ. ಹಳದಿ ಚಿನ್ನದಲ್ಲಿ ಕೂರಿಸುವುದಾದರೆ ಡಿ ಬಣ್ಣಕ್ಕೆ ಹಣ ಸುರಿಯುವುದು ನನ್ನ ಮಟ್ಟಿಗೆ ದಂಡ. ಹೊಳಪು ಬರುವುದು ಸಾಣೆಯಿಂದ, ಅಂದರೆ ಕಟ್ ಚೆನ್ನಾಗಿರಬೇಕು. ಅಂಗಡಿಯ ದೀಪದಡಿ ಎಲ್ಲವೂ ಹೊಳೆಯುತ್ತದೆ, ಬಾಗಿಲ ಬಳಿ ಹಗಲು ಬೆಳಕಿಗೆ ಹಿಡಿದು ನೋಡಿ.

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವೂ ಈಗ ಬರುತ್ತದೆ. ಅದೂ ನಿಜವಾದ ವಜ್ರವೇ. ಕಣ್ಣಿಗಾಗಲಿ ಅಂಗಡಿಯ ಸಾಮಾನ್ಯ ಟೆಸ್ಟರಿಗಾಗಲಿ ಭೇದ ತಿಳಿಯದು. ಬೆಲೆ ಬಹಳ ಕಡಿಮೆ, ಮರಳಿ ಕೊಡಲು ಹೋದರೆ ಸಿಗುವುದು ಇನ್ನೂ ಕಡಿಮೆ. ಗೊತ್ತಿದ್ದು ಕೊಂಡರೆ ತಪ್ಪೇನಿಲ್ಲ, ಗಣಿಯ ವಜ್ರದ ಬೆಲೆ ಕೊಟ್ಟು ಅದನ್ನು ತರಬಾರದು ಅಷ್ಟೆ. ಜಿಐಎ, ಐಜಿಐ ಮುಂತಾದ ಪ್ರಯೋಗಾಲಯಗಳ ಪ್ರಮಾಣಪತ್ರದಲ್ಲಿ ಯಾವುದು ಎಂದು ಬರೆದಿರುತ್ತದೆ. ಹಲವು ಹರಳುಗಳ ಅಂಚಿನಲ್ಲಿ ಪತ್ರದ ಸಂಖ್ಯೆಯನ್ನೇ ಲೇಸರಿನಿಂದ ಕೆತ್ತಿರುತ್ತಾರೆ. ಭೂತಗನ್ನಡಿ ಕೇಳಿ ತಾಳೆ ನೋಡಿ, ಸಂಕೋಚ ಬೇಡ.

ಇನ್ನು ಬಿಲ್ಲು. ನನ್ನ ಮಗನ ನಿಶ್ಚಿತಾರ್ಥದಲ್ಲಿ ತಪ್ಪಿದ್ದು ಇಲ್ಲೇ. ಜೀವಮಾನವಿಡೀ ಕಚೇರಿಯಲ್ಲಿ ಕಡತ ತಿದ್ದಿದವನು ಬಿಲ್ಲನ್ನು ಓದದೆ ಮಡಚಿ ಜೇಬಿಗಿಟ್ಟೆ. ‘ಡೈಮಂಡ್ ರಿಂಗ್, 1’ ಎಂದಷ್ಟೇ ಇತ್ತು. ಎರಡು ವರ್ಷದ ಮೇಲೆ ಸೊಸೆಗೆ ಉಂಗುರ ಬಿಗಿಯಾಯಿತೆಂದು ಬದಲಿಸಲು ಹೋದರೆ ಚಿನ್ನಕ್ಕೆ ಮಾತ್ರ ಬೆಲೆ ಕಟ್ಟಿದರು. ಹರಳಿಗೆ ಕಾಗದ ಎಲ್ಲಿ ಎಂದರು. ಸೊಸೆ ಏನೂ ಅನ್ನಲಿಲ್ಲ, ಉಂಗುರವನ್ನು ಡಬ್ಬಿಯಲ್ಲಿಟ್ಟಳು. ಈಗಲೂ ಅಲ್ಲೇ ಇದೆ.

ಆದ್ದರಿಂದ ಚಿನ್ನದ ನಿವ್ವಳ ತೂಕ, ಹರಳಿನ ತೂಕ ಮತ್ತು ದರ್ಜೆ, ಮಜೂರಿ, 3% ಜಿಎಸ್‌ಟಿ ಇವನ್ನೆಲ್ಲ ಬೇರೆ ಬೇರೆ ಬರೆಸಿ. ಮರುಖರೀದಿಯ ಷರತ್ತನ್ನು ಬಾಯಿಮಾತಿಗೆ ಬಿಡಬೇಡಿ. ವಜ್ರದುಂಗುರ ಸಾಮಾನ್ಯವಾಗಿ 18 ಕ್ಯಾರೆಟ್ ಚಿನ್ನದ್ದು, ಹರಳನ್ನು ಗಟ್ಟಿಯಾಗಿ ಹಿಡಿಯಲು 22ಕ್ಕಿಂತ ಅದೇ ಮೇಲು. ಒಳಬದಿಯಲ್ಲಿ ಬಿಐಎಸ್ ಗುರುತು, 18ಕೆ750, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಪರೀಕ್ಷಿಸಬಹುದು. 2 ಗ್ರಾಂಗಿಂತ ಹಗುರಾದ ಒಡವೆಗೆ ಹಾಲ್‌ಮಾರ್ಕಿನಿಂದ ವಿನಾಯಿತಿ ಇದೆ, ತೆಳ್ಳನೆಯ ಉಂಗುರ ಕೊಳ್ಳುವವರು ಗಮನಿಸಿ.

ಅಳತೆಗೆ ದಾರ ಸುತ್ತುವುದಕ್ಕಿಂತ ಹುಡುಗಿ ಅದೇ ಬೆರಳಿಗೆ ಹಾಕುವ ಹಳೆಯ ಉಂಗುರ ಒಯ್ಯುವುದು ಲೇಸು. ಆಕೆಯನ್ನೇ ಕರೆದೊಯ್ದರೆ ಇನ್ನೂ ಒಳ್ಳೆಯದು. ವಜ್ರ ಎಲ್ಲರಿಗೂ ಆಗಿಬರದು ಎನ್ನುವ ಹಿರಿಯರಿದ್ದಾರೆ, ಅವರನ್ನು ಮುಂಚೆಯೇ ಕೇಳಿಕೊಂಡರೆ ಮನೆಯಲ್ಲಿ ಮಾತು ಬೆಳೆಯದು.

ಎಣ್ಣೆ, ತುಪ್ಪದ ಜಿಡ್ಡು ವಜ್ರಕ್ಕೆ ಬೇಗ ಅಂಟುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರು, ಮೆತ್ತನೆಯ ಬ್ರಷ್ ಸಾಕು.

ಬಿಲ್ಲು ತೆಲುಗಿನಲ್ಲಿ, ಪ್ರಮಾಣಪತ್ರ ಇಂಗ್ಲಿಷಿನಲ್ಲಿ ಇದ್ದು ಓದಲು ತೊಡಕಾದರೆ ಹಣ ಕಟ್ಟುವ ಮೊದಲೇ ಅದರ ಫೋಟೋ ತೆಗೆದುಕೊಂಡು ಭಾನುವಾರ ಸಂಜೆ ಸಂಘದ ಕಚೇರಿಗೆ ಬನ್ನಿ. ಕೂತು ಓದೋಣ.