ಹಾಸನ ಜಿಲ್ಲೆಯ ಉನ್ನತ ಶಿಕ್ಷಣ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಪದವಿ ಮತ್ತು ವೃತ್ತಿಶಿಕ್ಷಣ ಬೇರೂರಿದ್ದು ಸ್ವಾತಂತ್ರ್ಯಾನಂತರ. ಅಲ್ಲಿಯವರೆಗೆ ಈ ಭಾಗದ ಹುಡುಗರು ಓದಬೇಕೆಂದರೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಿತ್ತು. ಹುಡುಗಿಯರ ಮಾತು ಬಹುಪಾಲು ಮನೆಗಳಲ್ಲಿ ಏಳುತ್ತಲೇ ಇರಲಿಲ್ಲ. ಇಲ್ಲಿನ ಶಿಕ್ಷಣದ ಇತಿಹಾಸವನ್ನು ಕಾಲೇಜುಗಳ ಸ್ಥಾಪನಾ ವರ್ಷಗಳಿಂದಷ್ಟೇ ಅಳೆಯಲಾಗದು. ಸೀಟು ಸಿಕ್ಕ ಮೇಲೆ ಎಲ್ಲಿ ಉಳಿಯುವುದು, ಯಾರ ಮನೆಯಲ್ಲಿ ಉಣ್ಣುವುದು, ಬಸ್ಸಿಗೆ ದುಡ್ಡೆಲ್ಲಿ ಎಂಬ ಪ್ರಶ್ನೆಗಳೇ ಯಾರು ಓದಿದರು, ಯಾರು ಬಿಟ್ಟರು ಎಂಬುದನ್ನು ಹೆಚ್ಚಾಗಿ ನಿರ್ಧರಿಸಿವೆ.

ಹಳೆಯ ಕಾಲದ ಕಲಿಕೆಯ ನೆಲೆಗಳೆಂದರೆ ಬಸದಿ, ಮಠ ಮತ್ತು ಅಗ್ರಹಾರ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನಿಗೆ ಗುರುವಾಗಿದ್ದವನು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ. ಅವನ ‘ಗೊಮ್ಮಟಸಾರ’ ಪ್ರಾಕೃತದ ಶಾಸ್ತ್ರಗ್ರಂಥ. ಅದೇ ತಾಲ್ಲೂಕಿನ ನುಗ್ಗೇಹಳ್ಳಿ ಹೊಯ್ಸಳರ ದಂಡನಾಯಕ ಬೊಮ್ಮಣ್ಣನ ಕಾಲಕ್ಕೆ ವಿಜಯ ಸೋಮನಾಥಪುರವೆಂಬ ಅಗ್ರಹಾರವಾಗಿತ್ತು.

ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಆರಂಭವಾಯಿತು. ಮರುವರ್ಷ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದರು. ಇವೆರಡರಿಂದ ಹಾಸನದ ಹಳ್ಳಿಗಳಿಗೂ ದಾರಿ ತೆರೆದಂತಾಯಿತು, ಆದರೆ ಆ ದಾರಿಯಲ್ಲಿ ನಡೆಯಲು ಊಟದ ಆಸರೆ ಬೇಕಿತ್ತು. ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನವಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೆಶಿವರದಲ್ಲಿ ಹುಟ್ಟಿದ ಕಾದಂಬರಿಕಾರ ಎಸ್.ಎಲ್. ಭೈರಪ್ಪನವರು ತಾಯಿಯನ್ನು ಪ್ಲೇಗಿಗೆ ಕಳೆದುಕೊಂಡು, ವಾರಾನ್ನ, ಭಿಕ್ಷಾನ್ನಗಳಲ್ಲಿ ಓದು ಮುಂದುವರಿಸಿ, ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮುಗಿಸಿದ ಬಗೆಯನ್ನು ಆತ್ಮಕಥೆ ‘ಭಿತ್ತಿ’ಯಲ್ಲಿ ಬರೆದಿದ್ದಾರೆ. ಈ ಪ್ರದೇಶದ ವಿದ್ಯಾರ್ಥಿಜೀವನಕ್ಕೆ ಅದಕ್ಕಿಂತ ಆಪ್ತವಾದ ದಾಖಲೆ ಸಿಗುವುದು ಕಷ್ಟ. ಆದರೆ ವಾರಾನ್ನ ಜಾತಿಯ ಗೆರೆಯೊಳಗಿನ ಏರ್ಪಾಡು. ಒಕ್ಕಲು ಮಕ್ಕಳಿಗೆ, ದಲಿತ ಮಕ್ಕಳಿಗೆ ಆ ಬಾಗಿಲುಗಳು ತೆರೆದಿರಲಿಲ್ಲ. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಂಥ ಸಂಸ್ಥೆಗಳು ಹಾಸ್ಟೆಲುಗಳನ್ನು ಕಟ್ಟಿದ್ದು ಈ ಕೊರತೆಗಾಗಿಯೇ. ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟ ಮೇಲೆ ಹಿಂದುಳಿದವರ ವಿದ್ಯಾರ್ಥಿವೇತನದ ಮಾತಿಗೆ ಸರ್ಕಾರದಲ್ಲಿ ಬಲ ಬಂತು.

ಜಿಲ್ಲೆಯೊಳಗೇ ತಾಂತ್ರಿಕ ಶಿಕ್ಷಣ ಸಿಗತೊಡಗಿದ್ದು ಹಾಸನದ ಶ್ರೀಮತಿ ಎಲ್.ವಿ. ಪಾಲಿಟೆಕ್ನಿಕ್‌ನಿಂದ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ರೈತ ಕುಟುಂಬದಿಂದ ಬಂದ ಎಚ್.ಡಿ. ದೇವೇಗೌಡರು ಸಿವಿಲ್ ಡಿಪ್ಲೊಮಾ ಪಡೆದದ್ದು ಇಲ್ಲಿ. ಮುಂದೆ 1996ರಲ್ಲಿ ಅವರು ಪ್ರಧಾನಿಯಾದರು. ಪದವಿಗೆ ದೂರದೂರಿಗೆ ಕಳಿಸಲಾಗದ ಮನೆಗಳಿಗೆ ಮೂರು ವರ್ಷದ ಡಿಪ್ಲೊಮಾ ಎಂದರೆ ಓವರ್‌ಸಿಯರ್ ಕೆಲಸ, ಇಲ್ಲವೇ ಸಣ್ಣ ಗುತ್ತಿಗೆ. ನೀರಾವರಿ, ರಸ್ತೆ ಕಾಮಗಾರಿಗಳು ಹೆಚ್ಚುತ್ತಿದ್ದ ಕಾಲದಲ್ಲಿ ಅದು ಚಿಕ್ಕ ಭರವಸೆಯಾಗಿರಲಿಲ್ಲ.

ನಂತರದ ದೊಡ್ಡ ಹೆಜ್ಜೆ ಮಲೆನಾಡು ಎಂಜಿನಿಯರಿಂಗ್ ಕಾಲೇಜು. ಎರಡನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ, 1960ರಲ್ಲಿ, ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಮತ್ತು ಮಲೆನಾಡು ತಾಂತ್ರಿಕ ಶಿಕ್ಷಣ ಸೊಸೈಟಿ ಸೇರಿ ಸಾಲಗಾಮೆ ರಸ್ತೆಯಲ್ಲಿ ಇದನ್ನು ಕಟ್ಟಿದವು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ವಿಭಾಗಗಳಿಂದ ಶುರುವಾದ ಕಾಲೇಜು ಮೊದಲು ಮೈಸೂರು ವಿಶ್ವವಿದ್ಯಾನಿಲಯದ ಅಡಿಯಲ್ಲಿತ್ತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ವ್ಯಾಪ್ತಿಗೆ ಬಂತು, 2007ರಲ್ಲಿ ಸ್ವಾಯತ್ತವಾಯಿತು. ಆಡಳಿತ ಖಾಸಗಿ ಸೊಸೈಟಿಯದು, ಅನುದಾನಿತ ವಿಭಾಗಗಳ ಅಧ್ಯಾಪಕರ ಸಂಬಳ ಸರ್ಕಾರದ್ದು. ಜಿಲ್ಲೆಯ ಶಿಕ್ಷಣದಲ್ಲಿ ಇಷ್ಟು ಕಾಲ ಫಲ ಕೊಟ್ಟ ಇನ್ನೊಂದು ಏರ್ಪಾಡಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಜಿಲ್ಲಾ ಕೇಂದ್ರವೊಂದರಲ್ಲಿ ಎಂಜಿನಿಯರಿಂಗ್ ಓದು ಸಾಮಾನ್ಯ ಕುಟುಂಬದ ಕೈಗೆ ಎಟುಕುವಂತೆ ಉಳಿದದ್ದು ಆ ಅನುದಾನದಿಂದ.

ಶುಲ್ಕದ ಕಥೆ 1980ರ ದಶಕದಲ್ಲಿ ತಿರುವು ಪಡೆಯಿತು. ರಾಜ್ಯದಲ್ಲಿ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ಹೆಚ್ಚಿದಂತೆ ಡೊನೇಷನ್ ಹಾವಳಿಯೂ ಹೆಚ್ಚಿತು. 1984ರಲ್ಲಿ ಕರ್ನಾಟಕ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಕರ್ನಾಟಕದಿಂದಲೇ ಹೋದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು ಅಕ್ರಮವೆಂದಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಫ್ರೀ ಸೀಟು, ಪೇಮೆಂಟ್ ಸೀಟು ಎಂಬ ಎರಡು ಬಗೆ ಮಾಡಿತು. 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ (ಸಿಇಟಿ) ನಡೆಯತೊಡಗಿತು. ಅರಕಲಗೂಡಿನ ಹಳ್ಳಿಯ ಹುಡುಗನಿಗೂ ಬೆಂಗಳೂರಿನ ಹುಡುಗನಿಗೂ ಒಂದೇ ರ‍್ಯಾಂಕ್ ಪಟ್ಟಿ, ಶಿಫಾರಸಿನ ಚೀಟಿ ಬೇಡ. ಅದರ ಬೆನ್ನಲ್ಲೇ ಕೋಚಿಂಗ್‌ನ ಖರ್ಚೂ ಬಂತೆಂಬುದು ನಿಜ. ಆದರೂ ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಸಿಇಟಿ ತಂದಷ್ಟು ಬದಲಾವಣೆಯನ್ನು ಬೇರೆ ಆದೇಶಗಳು ತಂದಿಲ್ಲ.

ಶುಲ್ಕ ಕಟ್ಟುವ ಹೊತ್ತಿಗೂ ಮನೆಗೆ ದುಡ್ಡು ಬರುವ ಹೊತ್ತಿಗೂ ಇಲ್ಲಿ ಹೊಂದಿಕೆಯಿಲ್ಲ. ಹಾಸನ ಸೀಮೆಯ ಆಲೂಗೆಡ್ಡೆ ಮುಂಗಾರಿಗೆ ಬಿತ್ತಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಕೀಳುವ ಬೆಳೆ. ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪು ರಾಮನಾಥಪುರದ ಹರಾಜು ಮಾರುಕಟ್ಟೆಗೆ ಬರುವುದು ಅದಕ್ಕೂ ಆಮೇಲೆ. ಚನ್ನರಾಯಪಟ್ಟಣದ ಕಬ್ಬಿನ ಹಣ ಕಾರ್ಖಾನೆ ಕೊಟ್ಟಾಗ. ಕಾಲೇಜು ದಾಖಲಾತಿ ಮಾತ್ರ ಮಳೆಗಾಲದ ಆರಂಭದಲ್ಲಿ, ಬೀಜ ಗೊಬ್ಬರಕ್ಕೆ ಕೈ ಬರಿದಾದ ಮೇಲೆ. ಆಗ ನೆರವಿಗೆ ಬರುವುದು ಸೊಸೈಟಿ ಸಾಲ, ಗಿರವಿಯಿಟ್ಟ ಒಡವೆ ಮತ್ತು ಹಾಲಿನ ಬಟವಾಡೆ. ಹಲವು ಮನೆಗಳಲ್ಲಿ ಮಗಳ ಬಸ್‌ಪಾಸು, ಮಗನ ರೂಮಿನ ಬಾಡಿಗೆ ನಡೆಯುವುದು ಡೇರಿಗೆ ಹಾಲು ಹಾಕಿದ ದುಡ್ಡಿನಿಂದ.

ಹಾಸನದಲ್ಲಿ ‘ರೂಮು ಮಾಡಿಕೊಂಡು’ ಓದುವುದು ಇದೇ ಬದುಕಿನ ಭಾಗ. ಒಂದೇ ಊರಿನ ಮೂರು ನಾಲ್ಕು ಹುಡುಗರು ಸೇರಿ ಕೋಣೆ ಹಿಡಿಯುತ್ತಾರೆ, ರಾಗಿ ಹಿಟ್ಟು, ಅಕ್ಕಿ ಊರಿನಿಂದ ಬರುತ್ತದೆ, ಸಾರು ಮಾಡುವ ಸರದಿ ಹಂಚಿಕೆಯಾಗುತ್ತದೆ. ಸರ್ಕಾರಿ ಹಾಸ್ಟೆಲಿನಲ್ಲಿ ಸೀಟು ಸಿಕ್ಕವರಿಗೆ ಈ ಚಿಂತೆ ಇಲ್ಲ. ಸಿಗದ ಹಿಂದುಳಿದ ವರ್ಗದವರಿಗೆ 2013ರಲ್ಲಿ ಬಂದ ವಿದ್ಯಾಸಿರಿ ಯೋಜನೆ ಊಟ, ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ನೀಡಿತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚು ತಪ್ಪಿತು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಿಂದ ಹಾಸನ 30ರಿಂದ 40 ಕಿ.ಮೀ. ಒಳಗೇ ಇರುವುದರಿಂದ ದಿನಾ ಓಡಾಡಿ ಓದುವ ವಿದ್ಯಾರ್ಥಿನಿಯರಿಗೆ ಇದು ನೇರ ಲಾಭ.

ಈ ನಡುವೆ ಹಾಸನದಲ್ಲೇ ಕಾಲೇಜುಗಳೂ ಹೆಚ್ಚುತ್ತ ಬಂದಿದ್ದವು. 1992ರಲ್ಲಿ ಎರಡು ಸಂಸ್ಥೆಗಳು ಬಂದವು. ಧರ್ಮಸ್ಥಳ ಮಂಜುನಾಥೇಶ್ವರ ಸಂಸ್ಥೆಯ ಆಯುರ್ವೇದ ಕಾಲೇಜು ಮತ್ತು ಆಸ್ಪತ್ರೆ ತಣ್ಣೀರುಹಳ್ಳದಲ್ಲಿ ತೆರೆಯಿತು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಹೇಮಗಂಗೋತ್ರಿ ಆರಂಭವಾಗಿ, ಎಂ.ಎ., ಎಂ.ಕಾಂ. ಓದಲು ಮೈಸೂರಿನ ಮಾನಸಗಂಗೋತ್ರಿಗೇ ಹೋಗಬೇಕಾದ ಅನಿವಾರ್ಯತೆ ತಗ್ಗಿತು. 1997ರಲ್ಲಿ ಶ್ರವಣಬೆಳಗೊಳದಲ್ಲಿ ಬಾಹುಬಲಿ ಎಂಜಿನಿಯರಿಂಗ್ ಕಾಲೇಜು ಬಂತು. 2006ರಲ್ಲಿ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಮರುವರ್ಷ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಮತ್ತು ಪಶುವೈದ್ಯಕೀಯ ಕಾಲೇಜು. ಕಾರೇಕೆರೆಯ ಕೃಷಿ ಕಾಲೇಜನ್ನೂ ಸೇರಿಸಿದರೆ ಒಂದು ಜಿಲ್ಲಾ ಪಟ್ಟಣದ ಸುತ್ತ ಇಷ್ಟು ಸರ್ಕಾರಿ ವೃತ್ತಿ ಕಾಲೇಜುಗಳಿರುವುದು ವಿಶೇಷ. ಜಿಲ್ಲೆಯ ರಾಜಕೀಯ ಪ್ರಭಾವ ಇದರ ಹಿಂದಿದೆ ಎಂಬುದು ಎಲ್ಲರೂ ಬಲ್ಲ ಮಾತು. ಹೊಳೆನರಸೀಪುರದ ಸರ್ಕಾರಿ ಗೃಹವಿಜ್ಞಾನ ಮಹಿಳಾ ಕಾಲೇಜೂ ಈ ಬೆಳವಣಿಗೆಯ ಭಾಗವೇ. ಅರಕಲಗೂಡಿಗೆ ಬಂದದ್ದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ರೈಲೂ ಇಲ್ಲದ ಈ ತಾಲ್ಲೂಕಿನ ಪಾಲು ಕಡಿಮೆಯಾಯಿತೆಂದೇ ಹೇಳಬೇಕು.

ಖಾಸಗಿ ವಿಶ್ವವಿದ್ಯಾಲಯವೆಂದರೆ ಚನ್ನರಾಯಪಟ್ಟಣದವರ ಕಣ್ಣು ಹೋಗುವುದು ಪಕ್ಕದ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಕಡೆಗೆ. ಬೆಂಗಳೂರು–ಹಾಸನ ಹೆದ್ದಾರಿಯ ಬೆಳ್ಳೂರು ಕ್ರಾಸಿನ ಈ ಊರಲ್ಲಿ ಆದಿಚುಂಚನಗಿರಿ ಮಠ 1986ರಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. 1974ರಲ್ಲಿ ಪೀಠವೇರಿದ ಬಾಲಗಂಗಾಧರನಾಥ ಸ್ವಾಮೀಜಿ ಮಠದ ದಾಸೋಹವನ್ನು ಶಾಲೆ, ಕಾಲೇಜು, ವಿದ್ಯಾರ್ಥಿನಿಲಯಗಳಿಗೆ ವಿಸ್ತರಿಸಿದರು, ಚನ್ನರಾಯಪಟ್ಟಣದಲ್ಲೂ ಮಠದ ಪ್ರಥಮ ದರ್ಜೆ ಕಾಲೇಜಿದೆ. 2018ರಲ್ಲಿ ಬಿ.ಜಿ. ನಗರದ ವೈದ್ಯಕೀಯ, ಎಂಜಿನಿಯರಿಂಗ್, ಫಾರ್ಮಸಿ, ನರ್ಸಿಂಗ್ ಕಾಲೇಜುಗಳು ಆದಿಚುಂಚನಗಿರಿ ವಿಶ್ವವಿದ್ಯಾಲಯದಡಿ ಬಂದವು. ಪಠ್ಯಕ್ರಮ, ಪರೀಕ್ಷೆ, ಪದವಿ ಎಲ್ಲವೂ ಒಂದೇ ಆವರಣದಲ್ಲಿ ತೀರ್ಮಾನವಾಗುವ ಈ ಪದ್ಧತಿ ಹಾಸನದ ಸಂಯೋಜಿತ ಕಾಲೇಜುಗಳಿಗಿಂತ ಬೇರೆ. ಊರಿಂದೂರಿಗೆ ಓಡಾಡುವ ವಿದ್ಯಾರ್ಥಿಗಳಿಗಿಂತ ಅಲ್ಲೇ ನೆಲೆಸಿ ಓದುವವರ ಬದುಕಿಗೆ ಅದು ಹೆಚ್ಚು ಒಗ್ಗುತ್ತದೆ.

ಹೇಮಗಂಗೋತ್ರಿಯನ್ನೇ ಕೇಂದ್ರವಾಗಿಟ್ಟು ರಾಜ್ಯ ಸರ್ಕಾರ ಹಾಸನ ವಿಶ್ವವಿದ್ಯಾಲಯವನ್ನು ರಚಿಸಿತು. 2022ರ ಕಾಯ್ದೆ ತಿದ್ದುಪಡಿಯ ಬಳಿಕ 2023ರ ಮಾರ್ಚ್‌ನಲ್ಲಿ ಇತರ ಆರು ಹೊಸ ವಿಶ್ವವಿದ್ಯಾಲಯಗಳ ಜೊತೆ ಅದು ಉದ್ಘಾಟನೆಯಾಯಿತು. ಜಿಲ್ಲೆಯ ಪದವಿ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಒಂದೊಂದಕ್ಕೆ 2 ಕೋಟಿ ರೂಪಾಯಿಯಷ್ಟು ಅಲ್ಪ ಆರಂಭಿಕ ಹಣದಲ್ಲಿ, ಕಾಯಂ ಸಿಬ್ಬಂದಿಯ ತೀವ್ರ ಕೊರತೆಯಲ್ಲಿ ನಡೆಯಬೇಕಾದ ವಿಶ್ವವಿದ್ಯಾಲಯವನ್ನು ಹುಟ್ಟಿಸಿದ್ದು ವಿದ್ಯಾರ್ಥಿಗಳಿಗೆ ಮಾಡಿದ ಅನ್ಯಾಯ. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಹಾಸನವೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ತೀರ್ಮಾನಕ್ಕೆ ಬಂದಾಗ ಜಿಲ್ಲೆಗಳಲ್ಲಿ ವಿರೋಧ ಎದ್ದಿತು. ನಡುವೆ 2021ರ ನಾಲ್ಕು ವರ್ಷದ ಪದವಿ ಪದ್ಧತಿ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತ್ತು. ಹೀಗಾಗಿ ಈ ತಾಲ್ಲೂಕುಗಳ ಪದವಿ ವಿದ್ಯಾರ್ಥಿಗಳು ಕೆಲವೇ ವರ್ಷಗಳಲ್ಲಿ ಎರಡು ಪಠ್ಯಕ್ರಮ, ಎರಡು ವಿಶ್ವವಿದ್ಯಾಲಯಗಳ ಬದಲಾವಣೆಯನ್ನು ಕಂಡರು. ಅಂಕಪಟ್ಟಿ, ಪಿಎಚ್.ಡಿ. ನೋಂದಣಿ, ಪರೀಕ್ಷಾ ವಿಭಾಗದ ಕೆಲಸಗಳಿಗೆ ಮೈಸೂರಿಗೆ ಹೋಗುವ ಓಡಾಟ ಮತ್ತೆ ಶುರುವಾಗಬಾರದೆಂಬುದು ಹಾಸನದವರ ಮುಖ್ಯ ವಾದ.