ಪುನ್ನಾಟ: ನಾಡಿನ ಹೆಸರು, ಸಂಘದ ಹೆಸರು

ಕಪಿನಿ ನದಿಯ ದಡದಲ್ಲಿ, ಇಂದಿನ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕು ಹಾಗೂ ಅದರ ಸುತ್ತಣ ಪ್ರದೇಶದಲ್ಲಿ, ಪ್ರಾಚೀನ ಕಾಲದಲ್ಲಿ ಪುನ್ನಾಟವೆಂಬ ರಾಜ್ಯವಿತ್ತು. ಕಿತ್ತಿಪುರ ಅದರ ರಾಜಧಾನಿ. ಈ ರಾಜ್ಯ ಅಳಿದು ಶತಮಾನಗಳೇ ಸಂದಿವೆ. ಆದರೆ ಅದರ ಹೆಸರು ಜೈನ ವಾಙ್ಮಯದಲ್ಲಿ ಅಳಿಯದೆ ನಿಂತಿದೆ.

ಈ ಹೆಸರಿನ ಪ್ರಾಚೀನ ಉಲ್ಲೇಖ ದೊರೆಯುವುದು ವಿದೇಶೀಯನೊಬ್ಬನ ಗ್ರಂಥದಲ್ಲಿ. ಕ್ರಿ.ಶ. 2ನೆಯ ಶತಮಾನದ ಭೂಗೋಳಜ್ಞ ಟಾಲೆಮಿಯು 'ಪೌನ್ನಾಟ'ವನ್ನು ವೈಡೂರ್ಯ ದೊರೆಯುವ ಸ್ಥಳವೆಂದು ಗ್ರೀಕ್ ಭಾಷೆಯಲ್ಲಿ ಬರೆದಿದ್ದಾನೆ. ಕನ್ನಡ ಶಾಸನಗಳಲ್ಲಿ ಇದೇ ಹೆಸರು 'ಪುನ್ನಾಡು' ಎಂದು ಬರುತ್ತದೆ. ದೇಶ್ಯವಾದ 'ನಾಡು' ಎಂಬ ಪದವೇ ಸಂಸ್ಕೃತದಲ್ಲಿ 'ನಾಟ'ವಾಯಿತೆಂದು ವಿದ್ವಾಂಸರು ತಿಳಿಯುತ್ತಾರೆ. ಪುನ್ನಾಟದ ಅರಸು ಸ್ಕಂದವರ್ಮನ ಮಗಳನ್ನು ಗಂಗರ ಅವಿನೀತನು ವರಿಸಿದನು. ಅವರ ಮಗ ದುರ್ವಿನೀತನ ಕಾಲಕ್ಕೆ ಪುನ್ನಾಟವು ಗಂಗವಾಡಿಯಲ್ಲಿ ಲೀನವಾಗಿತ್ತು.

ಇಲ್ಲಿಗೆ ಈ ಹೆಸರಿನ ಕಥೆ ಮುಗಿಯಬೇಕಾಗಿತ್ತು. ಆದರೆ ಈ ನಾಡಿನಿಂದ ಹೊರಟ ಮುನಿಪರಂಪರೆಯು 'ಪುನ್ನಾಟ ಸಂಘ'ವೆಂದು ಹೆಸರಾಗಿ, ದೂರದ ಪ್ರದೇಶಗಳಲ್ಲಿ ವಿಹರಿಸಿತು. ಹರಿವಂಶಪುರಾಣವನ್ನು ಶಕ 705ರಲ್ಲಿ, ಎಂದರೆ ಕ್ರಿ.ಶ. 783ರಲ್ಲಿ, ರಚಿಸಿದ ಜಿನಸೇನಾಚಾರ್ಯರು ಈ ಸಂಘದವರು. ಆದಿಪುರಾಣವನ್ನು ರಚಿಸಿದ ವೀರಸೇನ ಶಿಷ್ಯರಾದ ಜಿನಸೇನರು ಬೇರೆ, ಇವರು ಬೇರೆ. ಇವರ ಕೃತಿರಚನೆ ನಡೆದ ವರ್ಧಮಾನಪುರವನ್ನು ಕೆಲವರು ಸೌರಾಷ್ಟ್ರದ ವಢವಾಣವೆಂದೂ ಕೆಲವರು ಮಾಳವದ ಬದನಾವರವೆಂದೂ ಗುರುತಿಸಿದ್ದಾರೆ. ಯಾವುದಾದರೂ ಸರಿಯೆ, ಕಪಿನಿಯ ತೀರದಿಂದ ಅದು ಬಹುದೂರ.

ಅದೇ ವರ್ಧಮಾನಪುರದಲ್ಲಿ ಅದೇ ಸಂಘದ ಹರಿಷೇಣಾಚಾರ್ಯರು ಶಕ 853ರಲ್ಲಿ ಬೃಹತ್ಕಥಾಕೋಶವನ್ನು ಪೂರೈಸಿದರು. 157 ಕಥೆಗಳ ಈ ಮಹಾಗ್ರಂಥವನ್ನು ಕರ್ನಾಟಕದವರೇ ಆದ ಡಾ. ಆ. ನೇ. ಉಪಾಧ್ಯೆಯವರು 1943ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಇದರ ಭದ್ರಬಾಹು ಕಥೆಯಲ್ಲಿ, ಹನ್ನೆರಡು ವರ್ಷಗಳ ಕ್ಷಾಮದ ಭವಿಷ್ಯವಾಣಿಯನ್ನು ಕೇಳಿದ ಮುನಿಸಂಘವು ದಕ್ಷಿಣಾಪಥದ ಪುನ್ನಾಟ ವಿಷಯಕ್ಕೆ ಬಂದಿತೆಂದು ಹೇಳಿದೆ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಸುಮಾರು ಕ್ರಿ.ಶ. 600ರ ಶಾಸನವೂ ಇಂತಹುದೇ ಕ್ಷಾಮವನ್ನು, ಸಂಘದ ದಕ್ಷಿಣಯಾತ್ರೆಯನ್ನು ಸ್ಮರಿಸುತ್ತದೆ. ತಮ್ಮ ಸಂಘದ ಮೂಲನೆಲೆಯನ್ನು ಹರಿಷೇಣರು ಶ್ರುತಕೇವಲಿಗಳ ಕಥೆಯೊಂದಿಗೆ ಕೂಡಿಸಿ ಉಳಿಸಿದರೆಂಬುದು ಗಮನಾರ್ಹ.

ಕಿತ್ತಿಪುರವೆಂದು ಗುರುತಿಸಲಾದ ಕಿತ್ತೂರು ಇಂದು ಕಬಿನಿ ಜಲಾಶಯದ ನೀರಿನಲ್ಲಿ ಮುಳುಗಿದೆ. ರಾಜಧಾನಿಯನ್ನು ನೀರು ನುಂಗಿತು. ರಾಜ್ಯವನ್ನು ಕಾಲ ನುಂಗಿತು. ಪರಿಗ್ರಹವಿಲ್ಲದ ಮುನಿಗಳು ಹೊತ್ತೊಯ್ದ ಹೆಸರು ಮಾತ್ರ ಓಲೆಯ ಗ್ರಂಥಗಳಲ್ಲಿ ಉಳಿಯಿತು. ಬಸದಿಯ ಪ್ರತಿಷ್ಠೆಯೆಂದರೆ ಬಿಂಬದ ಸ್ಥಾಪನೆಯಷ್ಟೇ ಅಲ್ಲ. ಅದು ನೆಲೆ ನಿಂತ ಊರಿನ, ನಾಡಿನ ಹೆಸರನ್ನು, ಗುರುಪರಂಪರೆಯನ್ನು, ತಿಥಿವರ್ಷಗಳನ್ನು ಸ್ಪಷ್ಟವಾಗಿ ಬರೆದಿಡುವುದೂ ಶ್ರಾವಕರ ಕರ್ತವ್ಯ. ಮುಂದಿನ ಪೀಳಿಗೆಗೆ ಅದೇ ಶಾಸನ, ಅದೇ ಶ್ರುತಸೇವೆ.